ಹಕ್ಕಿಗೆ ಹಾಳೆ ಕಟ್ಟಿ ನೀರು ಕಳಕೊಂಡದ್ದು

ಇದಕ್ಕೆ ನನಗೆ ಏನೇನು ಖರ್ಚಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಚುಕ್ಕೆ ಬಿದ್ದು ತಟ್ಟೆಗೆ ಬಾರದ ನಾಲ್ಕು ಅಡಿಕೆ ಹಾಳೆ, ನಾಲ್ಕು ತೆಂಗಿನ ಚಿಪ್ಪು, ನಾಲ್ಕಾರು ಮಾರು ಬಾಳೆನಾರು, ಒಂದಿಷ್ಟು ನುಚ್ಚಕ್ಕಿ. ಇದ್ಯಾವುದಕ್ಕೂ ಕೈಯಿಂದ ಕಾಸು ಬಿಚ್ಚಿಲ್ಲ, ಬಿಚ್ಚುವವಳೂ ನಾನಲ್ಲ. ಇವುಗಳ ಜೊತೆಗೆ ಒಂದು ಬೇಸಿಗೆಯ ನೀರು ಹೋಯಿತು, ಪಕ್ಕದ ಮನೆಯ ಗೌಡರ ಮಾತು ಹೋಯಿತು. ನೀರು ವಾಪಸು ಬಂತು. ಮಾತು ಬರಲಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಬಿಡಿಸಿಕೊಳ್ಳುವ ಹೊತ್ತು ಬಂದಾಗ ನಾನು ನೀರನ್ನು ಬಿಡಿಸಿಕೊಂಡೆ. ಯಾಕೆ ಎಂದು ನನ್ನನ್ನು ಕೇಳಿದವರು ಬಹಳ ಜನ. ಅವರಿಗೆಲ್ಲ ಒಂದೇ ಸಲ ಉತ್ತರ ಹೇಳಿ ಮುಗಿಸೋಣ ಎಂದು ಕೂತಿದ್ದೇನೆ.

ನಾನು ಹಾಳೆ ತಟ್ಟೆ ಮಾಡಿ ಮಾರುವವಳು. ಸೀತೂರಿನ ಒಂದು ಮಗ್ಗುಲಲ್ಲಿ ನಮ್ಮ ಮನೆ, ಮನೆಗೆ ಅಂಟಿಕೊಂಡೇ ಶೆಡ್ಡು, ಶೆಡ್ಡಿನಲ್ಲಿ ತಟ್ಟೆ ಒತ್ತುವ ಮಿಷನ್ನು. ಶೆಟ್ಟಿಕೊಪ್ಪದ ತೋಟಗಳಿಂದ ಹಾಳೆ ಬರುತ್ತದೆ, ಕೊಪ್ಪ, ಹರಿಹರಪುರ, ಶೃಂಗೇರಿಯ ಅಡುಗೆಯವರಿಗೆ ತಟ್ಟೆ ಹೋಗುತ್ತದೆ. ನನ್ನ ಅಮ್ಮ ಇದೇ ಗೌಡರ ತೋಟದಲ್ಲಿ ಬಿದ್ದ ಹಾಳೆ ಹೆಕ್ಕಿ ಹೊರೆ ಕಟ್ಟುತ್ತಿದ್ದಳು. ನಾನು ಅಂಥದೇ ಹಾಳೆಗೆ ರೇಟು ಮಾತಾಡಿ ಪಿಕಪ್ಪಿನಲ್ಲಿ ತರಿಸುತ್ತೇನೆ. ಅಮ್ಮ ಅವರನ್ನು 'ಅಯ್ಯಾ' ಎನ್ನುತ್ತಿದ್ದಳು, ನಾನು 'ಗೌಡ್ರೆ' ಎನ್ನುತ್ತೇನೆ. ಆ ಒಂದು ಪದ ಬದಲಾಗಲು ನನ್ನ ಅರ್ಧ ಆಯಸ್ಸು ಹಿಡಿಯಿತು. ಗೌಡರಿಗೆ ಅದು ಇನ್ನೂ ಗಂಟಲಲ್ಲಿ ಇಳಿದಿಲ್ಲ.

ಹಾಳೆಯ ಕಸುಬಿಗೆ ನೀರೇ ಜೀವ. ಒಣಗಿದ ಹಾಳೆಯನ್ನು ಹಾಗೇ ಮಿಷನ್ನಿಗೆ ಕೊಟ್ಟರೆ ಸೀಳಿಹೋಗುತ್ತದೆ. ನೆನೆಸಬೇಕು, ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಬೇಕು, ನೀರಿಳಿಯಲು ನಿಲ್ಲಿಸಬೇಕು, ಆಮೇಲೆ ಒತ್ತುವುದು. ನಮಗೆ ನೀರು ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಮೋಟರಿಲ್ಲ, ಬಿಲ್ಲಿಲ್ಲ. ಆದರೆ ಆ ಪೈಪು ನಮ್ಮ ಮನೆ ಮುಟ್ಟುವ ಮೊದಲು ಗೌಡರ ಮನೆಯ ಹಿಂದಿನ ಧರೆಯ ಅಂಚಿನಲ್ಲಿ ಹಾದು ಬರಬೇಕು. ಮನೆ ಕಟ್ಟಲು ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ನಾವು ಧರೆ ಎನ್ನುತ್ತೇವೆ. ಅದರ ಅಂಚಿನಲ್ಲಿ ಕವೆಗೋಲು ಹುಗಿದು, ಕವಲಿನಲ್ಲಿ ಪೈಪು ಕೂರಿಸಿ, ಆಳೆತ್ತರದಲ್ಲಿ ತಂದಿದ್ದೆವು. ಕವೆಗೋಲು ನಮ್ಮದು, ಪೈಪು ನಮ್ಮದು, ಜಾಗ ಅವರದು. ಕಾಗದಪತ್ರ ಒಂದೂ ಇಲ್ಲ. 'ಹಾಕ್ಕೋ ಹೋಗು' ಎಂದು ಅವರು ಒಂದು ದಿನ ಹೇಳಿದ್ದರು, ಹಾಕಿಕೊಂಡಿದ್ದೆ. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಹಕ್ಕಿಯ ವಿಷಯ ಶುರುವಾದದ್ದು ನಮ್ಮ ಸ್ವಸಹಾಯ ಸಂಘದ ವಾಟ್ಸಾಪಿನಲ್ಲಿ. ಯಾವುದೋ ಚಳಿ ದೇಶದ ಹೆಂಗಸೊಬ್ಬಳು ಪೈನ್ ಮರದ ಕಾಯಿಗೆ ಕಡಲೆಬೀಜದ ಬೆಣ್ಣೆ ಮೆತ್ತಿ, ಕಾಳಿನಲ್ಲಿ ಹೊರಳಿಸಿ, ಕೊಂಬೆಗೆ ನೇತುಹಾಕುವ ವಿಡಿಯೋ. ಅದರ ಕೆಳಗೆ ನಮ್ಮ ಸಂಘದವರೆಲ್ಲ ಸಾಲಾಗಿ ಹೂವಿನ ಚಿತ್ರ, ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬರಿಗೂ ಯೋಚನೆ ಬೇಡವೇ? ನಮ್ಮಲ್ಲಿ ಅದನ್ನು ಕಟ್ಟಿದರೆ ಹಕ್ಕಿ ಕಣ್ಣುಬಿಡುವ ಮೊದಲೇ ಇರುವೆ ಬಂದು ಕಾಯಿಯ ಸಮೇತ ಹೊತ್ತುಕೊಂಡು ಹೋಗುತ್ತದೆ.

ಆ ವಾರವೇ ಕೊಪ್ಪದ ಒಂದು ಅಂಗಡಿಯಲ್ಲಿ ಹಸಿರು ಪ್ಲಾಸ್ಟಿಕ್ಕಿನ ಡಬ್ಬ ತೂಗುಹಾಕಿದ್ದು ಕಂಡಿತು. ಮೇಲೊಂದು ಗುಬ್ಬಿಯ ಸ್ಟಿಕ್ಕರು.

"ಇದಕ್ಕೆ ಹಕ್ಕಿ ಬರುತ್ತಾ?" ಎಂದು ಅಂಗಡಿಯವನನ್ನು ಕೇಳಿದೆ.

"ಗ್ಯಾರಂಟಿ ಅಕ್ಕ."

"ಬರದಿದ್ರೆ ವಾಪಸ್ ತಗೊಳ್ತೀಯಾ?"

"ಅಯ್ಯೋ, ಹಕ್ಕಿದು ನಾನು ಹೆಂಗೆ ಗ್ಯಾರಂಟಿ ಕೊಡ್ಲಿ?"

"ಈಗ ತಾನೆ ಕೊಟ್ಯಲ್ಲ ಮಾರಾಯ?"

ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ನಾನು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ಹೇಗೆ ಮಾಡಿದ್ದಾರೆ ಎಂದು ತಿಳಿದುಕೊಂಡು, ಅಲ್ಲೇ ಇಟ್ಟು ಬಂದೆ.

ಹಕ್ಕಿಯ ಮೇಲೆ ನನಗೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಎಂದು ಯಾರೂ ತಿಳಿಯಬೇಡಿ. ಹಿತ್ತಲಿನ ಅಲಸಂದೆ ಚಪ್ಪರಕ್ಕೆ ಹುಳ ಬಿದ್ದಿತ್ತು. ಔಷಧಿ ಹೊಡೆದದ್ದನ್ನು ತಿನ್ನಲು ಮನಸ್ಸಿಲ್ಲ. ಹಕ್ಕಿ ಬಂದು ಕೂರುವ ಅಭ್ಯಾಸವಾದರೆ ಕಾಳು ತಿಂದ ಬಾಯಿಗೆ ಹುಳವನ್ನೂ ತಿನ್ನುತ್ತದೆ, ನನಗೊಂದು ಕೆಲಸ ಉಳಿಯುತ್ತದೆ. ಇದು ವ್ಯಾಪಾರ. ತಟ್ಟೆಗೆ ಬಾರದ ಹಾಳೆ ಹೇಗೂ ಒಲೆಗೆ ಹೋಗುವಂಥದ್ದು. ಅದನ್ನು ನೆನೆಸಿ, ಎರಡು ತುದಿ ಮಡಚಿ, ಬಿದಿರ ಕಡ್ಡಿ ಚುಚ್ಚಿದೆ. ತೊಟ್ಟಿಲಿನ ಹಾಗೆ ಆಯಿತು. ತಳದಲ್ಲಿ ನೀರು ಸೋರಲು ಕಾದ ಮೊಳೆಯಿಂದ ತೂತು ಮಾಡಿದೆ. ಬಾಳೆನಾರಿನಲ್ಲಿ ನಾಲ್ಕು ಮೂಲೆ ಕಟ್ಟಿ ಮೇಲೆ ಒಂದು ಗಂಟು ಹಾಕಿದೆ. ಇರುವೆಗೆ ಉಪಾಯ ಬೇಕಿತ್ತು. ನಾರಿನ ನಡುವೆ ತೆಂಗಿನ ಚಿಪ್ಪು ಪೋಣಿಸಿ, ತೂತನ್ನು ಹಲಸಿನ ಅಂಟಿನಿಂದ ಮುಚ್ಚಿ, ಚಿಪ್ಪಿಗೆ ನೀರು ತುಂಬಿದೆ. ಮೇಲಿನಿಂದ ಇಳಿದು ಬರುವ ಇರುವೆ ಅಲ್ಲಿಗೆ ಬಂದು ನಿಂತು, ನೀರು ನೋಡಿ ವಾಪಸು ಹತ್ತಿತು. ಅದನ್ನು ನೋಡಿ ನನಗೆ ಬಂದ ಸಂತೋಷ ಹಕ್ಕಿ ಬಂದಾಗಲೂ ಬರಲಿಲ್ಲ.

ಎಲ್ಲಿ ಕಟ್ಟುವುದು ಎನ್ನುವಲ್ಲಿಂದ ಮುಂದಿನದೆಲ್ಲ ಹುಟ್ಟಿತು. ಮರಕ್ಕೆ ಕಟ್ಟಿದರೆ ಬೆಕ್ಕು ಹತ್ತುತ್ತದೆ. ಮನೆಯ ಮಾಡಿಗೆ ಕಟ್ಟಿದರೆ ಅಂಗಳವೆಲ್ಲ ಹಿಕ್ಕೆ. ಧರೆಯ ಮೇಲೆ ನಮ್ಮ ಪೈಪಿನ ಕವೆಗೋಲುಗಳು ಸಾಲಾಗಿ, ಬೋಳಾಗಿ, ಹೇಳಿ ಮಾಡಿಸಿದ ಹಾಗೆ ನಿಂತಿದ್ದವು. ಶೆಡ್ಡಿನಲ್ಲಿ ಕೂತರೆ ನೇರ ಕಾಣುತ್ತದೆ. ನಾಲ್ಕಕ್ಕೆ ನಾಲ್ಕನ್ನೂ ಅಲ್ಲೇ ಕಟ್ಟಿದೆ. ಜಾಗ ಯಾರದು ಎಂದು ಹಕ್ಕಿ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಮೊದಲು ಬಂದವು ಪಿಕಳಾರಗಳು. ಆಮೇಲೆ ಹರಟೆಮಲ್ಲಗಳ ಗುಂಪು. ಸಂಘದ ಮೀಟಿಂಗಿಗಿಂತ ಹೆಚ್ಚು ಗಲಾಟೆ, ಆದರೆ ಬಂದ ಕೆಲಸ ಮುಗಿಸಿ ಹೋಗುತ್ತವೆ. ಚಪ್ಪರದ ಹುಳವೂ ಕಡಿಮೆಯಾಯಿತು. ನುಚ್ಚಕ್ಕಿಗೆ ಬಾರದ ಕುಟ್ರುಹಕ್ಕಿಗಾಗಿ ಒಂದು ಹಾಳೆಯಲ್ಲಿ ಕಳಿತ ಬಾಳೆಹಣ್ಣು ಸಿಪ್ಪೆ ಬಿಡಿಸಿ ಇಟ್ಟೆ. ಹಸಿರು ಮೈಯ ಆ ಹಕ್ಕಿ ಬಂತು. ಅದರ ಹಿಂದೆ ಮಂಗನೂ ಬಂತು.

ಬೇಸಿಗೆಯಲ್ಲಿ ನಮ್ಮ ಕಡೆ ಮಂಗ ಎಂದರೆ ನಗುವ ಮಾತಲ್ಲ. ಮಂಗನ ಕಾಯಿಲೆಯ ಭಯ ಎಲ್ಲರಿಗೂ ಇದ್ದದ್ದೇ. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲಿ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಎಣ್ಣೆಯ ಬಾಟಲಿ ಕೊಟ್ಟು ಹೋಗಿದ್ದಳು. ಮಂಗನ ಮೈಯಿಂದ ಉದುರಿದ ಉಣುಗು ಕಚ್ಚಿದರೆ ಜ್ವರ ಹಿಡಿಯುತ್ತದೆ. ನಾನು ಓಡಿಸಿದೆ, ಪಟಾಕಿ ಹೊಡೆದೆ, ಹಣ್ಣು ಇಡುವುದನ್ನೂ ನಿಲ್ಲಿಸಿದೆ. ಆದರೆ ಒಮ್ಮೆ ರುಚಿ ಕಂಡ ಮಂಗನಿಗೆ ಹಣ್ಣು ನಿಂತದ್ದು ಹೇಳುವವರು ಯಾರು?

ಒಂದು ಬೆಳಿಗ್ಗೆ ಧರೆಯ ಕೆಳಗಿನಿಂದ ಗೌಡರ ಕೂಗು.

"ಏ ಮಾರಾಯ್ತಿ, ಹೊರಗೆ ಬಾ! ನಿನ್ನ ನೆಂಟರು ಮಾಡಿದ ಕೆಲಸ ನೋಡು ಬಾ!"

ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಮಂಗಗಳ ಹಿಂಡು ಖಾಲಿ ಹಾಳೆಗಾಗಿ ಕಿತ್ತಾಡಿ ಪೈಪಿಗೆ ಜೋತುಬಿದ್ದು ಜೀಕಿತ್ತು. ಜಾಯಿಂಟು ಬಿಚ್ಚಿಕೊಂಡು ನೀರೆಲ್ಲ ಧರೆಯಿಂದ ಜಲಪಾತದ ಹಾಗೆ ಗೌಡರ ಹಿಂದಿನ ಅಂಗಳಕ್ಕೆ ಬಿದ್ದಿತ್ತು. ಅಂಗಳದ ತುಂಬ ಟಾರ್ಪಾಲು, ಟಾರ್ಪಾಲಿನ ತುಂಬ ಬಿಸಿನೀರಿಗೆ ಅದ್ದಿ ಒಣಗಲು ಹರಡಿದ ಕಾಳುಮೆಣಸು. ಕಪ್ಪಗಾಗಿ ಗಲಗಲ ಎನ್ನುವ ಹಂತಕ್ಕೆ ಬಂದಿದ್ದ ಮೆಣಸು ಕೆಸರಿನಲ್ಲಿ ತೇಲುತ್ತಿತ್ತು. ಗೌಡರ ಹೆಂಡತಿ ಮೊರದಲ್ಲಿ ಬಾಚಿ ಬಾಚಿ ಪಕ್ಕಕ್ಕೆ ಹಾಕುತ್ತಿದ್ದರು.

"ಮಂಗ ನನ್ನ ನೆಂಟ ಅಲ್ಲ ಗೌಡ್ರೆ. ಅದು ಹುಟ್ಟಿ ಬೆಳೆದದ್ದು ನಿಮ್ಮ ಹಲಸಿನ ಮರದಲ್ಲಿ," ಎಂದೆ.

"ಹಲಸಿನ ಮರದ್ದು ಹಲಸಿನ ಮರದಲ್ಲೇ ಇತ್ತು. ಬಾಳೆಹಣ್ಣು ತೋರ್ಸಿ ಅಂಗಳಕ್ಕೆ ಕರೆದವಳು ಯಾರು?"

"ಹಣ್ಣು ಇಡದು ಬಿಟ್ಟು ಎಷ್ಟು ದಿನ ಆಯ್ತು! ಜಾಯಿಂಟು ಸಡಿಲ ಇತ್ತು, ಬಿಚ್ಚಿಕೊಂಡಿದೆ."

"ಜಾಯಿಂಟು ಹಾಕಿದವರು ಯಾರು?"

"ನಮ್ಮನೆಯವರು."

"ಮತ್ತೆ?"

ಆ 'ಮತ್ತೆ'ಗೆ ನನ್ನಲ್ಲಿ ಇದ್ದದ್ದು ಸಿಟ್ಟು. "ಒಂದು ಟಾರ್ಪಾಲಿನ ಅಂಚು ಒದ್ದೆ ಆಗಿದ್ದಕ್ಕೆ ಊರು ಸೇರಿಸ್ತೀರಲ್ಲ! ನಾಳೆ ಬಿಸಿಲಿಗೆ ಒಣಗುತ್ತೆ," ಎಂದುಬಿಟ್ಟೆ.

ಗೌಡರು ನನ್ನನ್ನೇ ನೋಡಿದರು. "ಒಣಗುತ್ತಾ? ಆಯ್ತು. ನಿನ್ನ ಹಾಳೆನೂ ಒಣಗ್ಲಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ನಲ್ಲಿ ಗೊರಗೊರ ಎಂದು ನಿಂತಿತು. ಬೇಲಿಯ ಈಚೆ ನಮ್ಮ ಪೈಪು ಸುರುಳಿ ಸುತ್ತಿ ಬಿದ್ದಿತ್ತು. ಕವೆಗೋಲುಗಳನ್ನೂ ಕಿತ್ತು ಜೋಡಿಸಿ ಇಟ್ಟಿದ್ದರು. ಸುರುಳಿಯ ಮೇಲೆ ನನ್ನ ನಾಲ್ಕು ಹಾಳೆಗಳು ಒಂದರೊಳಗೊಂದು. ಒಂದೂ ಹರಿದಿರಲಿಲ್ಲ. ಸಿಟ್ಟಿನಲ್ಲಿ ಕಿತ್ತೆಸೆದಿದ್ದರೆ ನನಗೂ ನಾಲ್ಕು ಮಾತಾಡಲು ಜಾಗ ಇರುತ್ತಿತ್ತು. ಅಷ್ಟು ಒಪ್ಪವಾಗಿ ಕಿತ್ತವರ ಜೊತೆ ಜಗಳ ಆಡುವುದೂ ಕಷ್ಟ.

ಆ ಬೇಸಿಗೆ ಹಳ್ಳದಿಂದ ಡ್ರಮ್ಮಿನಲ್ಲಿ ನೀರು ತಂದು ಹಾಳೆ ನೆನೆಸಿದೆವು. ಡ್ರಮ್ಮಿನ ನೀರು ತೊಳೆಯಲು ಸಾಲದೆ ತಟ್ಟೆಯಲ್ಲಿ ಮಣ್ಣಿನ ಕಲೆ ಉಳಿಯಿತು. ಹರಿಹರಪುರದ ಒಬ್ಬ ಅಡುಗೆಯವರು ತಟ್ಟೆಯನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿ ಊಟ ಹಾಕಿದ್ರೆ ಬೀಗರು ಎದ್ದು ಹೋಗ್ತಾರೆ ಅಕ್ಕ," ಎಂದು ವಾಪಸು ಕಳಿಸಿದರು. ಅರ್ಧ ದಿನ ಮಿಷನ್ನು ಸುಮ್ಮನೆ ನಿಲ್ಲುತ್ತಿತ್ತು.

ನಮ್ಮನೆಯವರು ಒಂದು ಸಂಜೆ ಮೆಲ್ಲಗೆ ಶುರುಮಾಡಿದರು. "ಹೋಗಿ ಒಂದು ಮಾತು ಹೇಳಿ ಬರಬಾರ್ದಾ?"

"ಎಂತ ಹೇಳದು?"

"ಮೆಣಸು ಹಾಳಾಯ್ತು, ಬೇಜಾರಾಯ್ತು ಅಂತ."

"ನೀವೇ ಹೇಳಿ. ಜಾಯಿಂಟು ನಿಮ್ದು."

ಅವರು ಎದ್ದು ಶೆಡ್ಡಿಗೆ ಹೋದರು.

ನಾನು ಹೋಗದೆ ಇದ್ದದ್ದಕ್ಕೆ ಕಾರಣ ಇದೆ. ರೇಟು ಮಾತಾಡುವಲ್ಲಿ ಮೊದಲು ಬಗ್ಗಿದವರು ಕೊನೆಯ ತನಕ ಬಗ್ಗುತ್ತಲೇ ಇರಬೇಕು. 'ನನ್ನಿಂದ ತಪ್ಪಾಯ್ತು' ಎಂದು ಆ ಅಂಗಳದಲ್ಲಿ ನಿಂತು ಒಮ್ಮೆ ಹೇಳಿದರೆ ಪೈಪು ನಮ್ಮ ಮನೆಗೆ ಬರುತ್ತದೆ, ನಾನು ಮಾತ್ರ ಅಲ್ಲೇ ಅಮ್ಮ ಹೊರೆ ಇಳಿಸುತ್ತಿದ್ದ ಮೆಟ್ಟಿಲ ಕೆಳಗೆ ಉಳಿಯುತ್ತೇನೆ. ನೀರು ಬೇರೆ ಎಲ್ಲಿಂದಾದರೂ ತರಬಹುದು ಎಂದುಕೊಂಡೆ. ತರಲಾಗಲಿಲ್ಲ. ಬೋರು ಕೊರೆಸುವುದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಪೈಪನ್ನು ಗುಡ್ಡದ ಆಚೆ ಮಗ್ಗುಲಿಂದ ಸುತ್ತಿಸಿ ತರೋಣ ಎಂದರೆ ಅದು ಕಾಡಿನ ಜಾಗ, ಫಾರೆಸ್ಟಿನವರು ಒಪ್ಪಬೇಕು. ಎತ್ತ ತಿರುಗಿದರೂ ಗೌಡರ ಧರೆಯೇ ದಾರಿ.

ಹಠಕ್ಕೆ ನಮ್ಮ ಅಂಗಳದಲ್ಲೇ ಗೂಟ ನೆಟ್ಟು ಹಾಳೆ ಕಟ್ಟಿದೆ. ಹಕ್ಕಿ ಬಂದವು, ಮೊದಲಿನಷ್ಟಲ್ಲ. ಮಳೆ ಹಿಡಿದ ಮೇಲೆ ಕಾಳು ಮೊಳಕೆ ಬಂತು, ಹಾಳೆಗೆ ಬೂಷ್ಟು ಹಿಡಿಯಿತು. ಬೂಷ್ಟು ತಿಂದ ಹಕ್ಕಿ ಸಾಯುತ್ತದೆ. ಎಲ್ಲ ಬಿಚ್ಚಿ ಒಲೆಗೆ ಹಾಕಿದೆ. ಸೂರಿನ ನೀರು ಬೇಕಾದಷ್ಟು ಇದ್ದದ್ದರಿಂದ ಮಳೆಗಾಲದಲ್ಲಿ ಜಗಳಕ್ಕೂ ರಜೆ. ಆದರೆ ಮಳೆ ಮುಗಿದು ಹೊಸ ಹಾಳೆ ಬೀಳಲು ಶುರುವಾದರೆ? ಇನ್ನೊಂದು ಬೇಸಿಗೆ ಡ್ರಮ್ಮಿನಲ್ಲಿ ನಡೆಯುವುದಿಲ್ಲ, ಮಿಷನ್ನು ಮಾರಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಮಾರಿದರೆ ಮತ್ತೆ ಯಾರದೋ ತೋಟದಲ್ಲಿ ಹಾಳೆ ಹೆಕ್ಕುವುದೇ ಸೈ.

ಅಷ್ಟರಲ್ಲಿ ಹೊಸ್ತು ಬಂತು. ಹೊಸ ಭತ್ತದ ತೆನೆಯನ್ನು ಮನೆಗೆ ತಂದು ಪೂಜೆ ಮಾಡಿ, ಬಾಗಿಲಿಗೆ, ಕಣಜಕ್ಕೆ, ದುಡಿಯುವ ಸಾಮಾನಿಗೆಲ್ಲ ಕಟ್ಟಿ, ಹೊಸ ಅಕ್ಕಿ ಉಣ್ಣುವ ಹಬ್ಬ. ತೆನೆಗೆ ನಾವು ಕದಿರು ಎನ್ನುತ್ತೇವೆ. ಗದ್ದೆ ಇಲ್ಲದವರಿಗೂ ಕದಿರು ಬೇಕಲ್ಲ? ಅದಕ್ಕೆ ನಮ್ಮ ಕೇರಿಯಲ್ಲಿ ಒಂದು ಕಟ್ಟಳೆ. ಆ ಬೆಳಿಗ್ಗೆ ಯಾರು ಯಾರ ಗದ್ದೆಗಾದರೂ ಇಳಿಯಬಹುದು. ಅಂಚಿನ ಮೇಲೆ ಎಲೆ ಅಡಿಕೆ ಇಟ್ಟು ಒಂದು ಹಿಡಿ ಕುಯ್ದುಕೊಳ್ಳಬೇಕು. ಕುಯ್ಯುವವರು ಕೇಳುವ ಹಾಗಿಲ್ಲ, ಗದ್ದೆಯವರು ಬೇಡ ಎನ್ನುವ ಹಾಗಿಲ್ಲ. ಇನ್ನೊಂದು ಮಾತೂ ಇದೆ. ಕುಯ್ದ ಕದಿರನ್ನು ತಲೆಯ ಮೇಲಿಟ್ಟುಕೊಂಡ ಮೇಲೆ ಮನೆಯ ಹೊಸಿಲು ದಾಟುವ ತನಕ ಹೊತ್ತವರು ಬಾಯಿ ಬಿಡಬಾರದು. ಬಿಟ್ಟರೆ ಆ ವರ್ಷದ ಅನ್ನ ಕೈತಪ್ಪುತ್ತದೆ ಎಂದು ನಂಬಿಕೆ.

ಅಮ್ಮನ ಕಾಲದಿಂದ ನಮ್ಮ ಕದಿರು ಗೌಡರ ಗದ್ದೆಯದೇ. ಈ ಜಗಳದಲ್ಲಿ ಬೇರೆ ಗದ್ದೆ ನೋಡು ಎಂದರು ನಮ್ಮನೆಯವರು. ಬೇರೆ ಗದ್ದೆಗೆ ಹೋದರೆ ಹೆದರಿದೆ ಎಂದಾಗುತ್ತದೆ. ಮಿಂದು, ಒದ್ದೆ ಕೂದಲಲ್ಲೇ ಹೋದೆ. ಎಲೆ ಅಡಿಕೆ ಇಟ್ಟೆ, ಒಂದು ಹಿಡಿ ಕುಯ್ದೆ, ಬಾಳೆಲೆ ಹಾಸಿದ ಬುಟ್ಟಿಯಲ್ಲಿಟ್ಟು ತಲೆಗೇರಿಸಿ ತಿರುಗಿದರೆ ಅಂಚಿನ ಮೇಲೆ ಗೌಡರು. ಹೆಗಲ ಮೇಲೆ ಗುದ್ದಲಿ, ಮುಖದ ತುಂಬ ನಗು.

"ಹ್ಞಾ! ಇವತ್ತು ಸಿಕ್ಕಿದ್ಯಲ್ಲ ಮಾರಾಯ್ತಿ!"

ನಾನು ನಡೆದೆ. ಅವರು ಹಿಂದೆಯೇ ಬಂದರು.

"ಏನಂದೆ ಅವತ್ತು? ಮಂಗ ನನ್ನ ಹಲಸಿನ ಮರದ್ದು ಅಂತ ಅಲ್ವಾ? ಈಗ ಹೇಳು ನೋಡಾಣ. ಹೇಳೇ! ಊರಿಗೆಲ್ಲ ಬುದ್ಧಿ ಹೇಳೋ ಬಾಯಿ, ಎಂತ ಆಯ್ತು ಇವತ್ತು?"

ತಲೆಯ ಮೇಲೆ ಒಂದು ಹಿಡಿ ಕದಿರು, ಬಾಯೊಳಗೆ ಹೊರೆಗಟ್ಟಲೆ ಉತ್ತರ. ಹಲ್ಲು ಕಚ್ಚಿಕೊಂಡೆ.

"ಹಕ್ಕಿಗೆ ಹಾಕ್ಬೇಡ ಅಂತ ನಾನು ಯಾವತ್ತಾದ್ರೂ ಅಂದ್ನಾ? ನಮ್ಮನೇಲಿ ಅವಳಿಗೆ ಬೆಳಿಗ್ಗೆ ಎದ್ರೆ ಅದೇ ಕೆಲ್ಸ ಆಗಿತ್ತು. ಕಾಫಿ ಲೋಟ ಹಿಡ್ಕೊಂಡು ಹಿಂದಿನ ಬಾಗ್ಲಲ್ಲಿ ನಿಂತು ನಿನ್ನ ಹಾಳೆ ನೋಡದು. ಪೈಪು ಕಿತ್ತ ದಿನ ನಂಗೆ ಕಾಫಿನೇ ಕೊಡ್ಲಿಲ್ಲ ಅವ್ಳು!"

ಇದು ನನಗೆ ಗೊತ್ತಿರಲಿಲ್ಲ. ಹೆಜ್ಜೆ ಸ್ವಲ್ಪ ನಿಧಾನ ಮಾಡಿದೆ.

"ಪೈಪು ಆಕಾಶದಲ್ಲಿ ಹೋದ್ರೆ ಮಂಗ ಜೀಕದೆ ಎಂತ ಮಾಡುತ್ತೆ? ಹೂಳ್ಬೇಕು ಅದನ್ನ. ಹೂತಿದ್ರೆ ನಾನು ಬೇಡ ಅಂತಿದ್ನಾ? ಬೇಸಿಗೇಲಿ ಹಣ್ಣು ಇಡಬಾರ್ದು. ಇಷ್ಟೇ. ಇಷ್ಟಕ್ಕೆ ಡ್ರಮ್ಮು ಹೊತ್ತು ಸಾಯ್ತಿದೀಯಲ್ಲ! 'ಗೌಡ್ರೆ, ನನ್ನಿಂದ ಮೆಣಸು ಹಾಳಾಯ್ತು' ಅಂತ ಒಂದು ಮಾತು ಬಂದು ಹೇಳಿದ್ರೆ ಅವತ್ತೇ ಸಂಜೆ ಪೈಪು ಕೂಡ್ಸಿ ಕೊಡ್ತಿದ್ದೆ. ಬಂದ್ಯಾ? ನಿನ್ನ ಅಮ್ಮ ಆಗಿದ್ರೆ ಬರ್ತಿದ್ಲು."

ಆ ಕೊನೆಯ ಮಾತಿಗೆ ಬುಟ್ಟಿಯನ್ನು ಅಲ್ಲೇ ಎಸೆದು ತಿರುಗಿ ನಿಲ್ಲುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ನಮ್ಮ ಹೊಸಿಲು ಕಾಣುತ್ತಿತ್ತು. ಅದರ ಕಡೆ ನಡೆಯುತ್ತ ನಡೆಯುತ್ತ ನನಗೊಂದು ಹೊಳೆಯಿತು. ನನ್ನ ಇಡೀ ವ್ಯಾಪಾರದಲ್ಲಿ ಎದುರಿನವರು ಮಾತು ಮುಗಿಸುವ ತನಕ ನಾನು ಸುಮ್ಮನಿದ್ದದ್ದೇ ಇಲ್ಲ. ಇವತ್ತು ಬಾಯಿ ಕಟ್ಟಿದ್ದರಿಂದ ಗೌಡರು ತಮ್ಮ ರೇಟನ್ನೆಲ್ಲ ತಾವೇ ಹೇಳಿ ಮುಗಿಸಿದ್ದರು. ನಾನು ಇನ್ನೂ ಒಂದು ಮಾತೂ ಹೇಳಿರಲಿಲ್ಲ. ಪೈಪು ಹೂಳಬೇಕು, ಬೇಸಿಗೆಯಲ್ಲಿ ಹಣ್ಣು ಇಡಬಾರದು, ಅಂಗಳಕ್ಕೆ ಬಂದು ಆ ಮಾತು ಹೇಳಬೇಕು. ಮೊದಲಿನವು ಕೈಯ ಕೆಲಸ, ಕೊನೆಯದು ತಲೆ ತಗ್ಗಿಸುವುದು. ಕೈಯ ಕೆಲಸ ಕೊಡಬಹುದು.

ಕದಿರು ಕಟ್ಟಿದೆ. ಬಾಗಿಲಿಗೆ ಒಂದೆಳೆ, ಮಿಷನ್ನಿಗೆ ಒಂದೆಳೆ. ಹೊಸ ಅಕ್ಕಿಯ ಪಾಯಸ ಮಾಡಿದೆ. ಕದಿರು ತಂದ ಗದ್ದೆಯ ಮನೆಗೆ ಪಾಯಸ ಕೊಡುವುದು ನಡೆದುಬಂದದ್ದೇ. ತಂಬಿಗೆ ಹಿಡಿದು ಗೌಡರ ಹಿಂದಿನ ಬಾಗಿಲಿಗೆ ಹೋದೆ. ಬೇಕೆಂದೇ ಹಿಂದಿನ ಬಾಗಿಲಿಗೆ, ಅಲ್ಲಿ ಅವರ ಹೆಂಡತಿ ಇರುತ್ತಾರೆ.

"ಅಮ್ಮಾ, ಪಾಯಸ," ಎಂದೆ. ಗೌಡರು ಒಳಗಿನಿಂದ ಬಂದರು. "ಗೌಡ್ರು ಗದ್ದೆ ಅಂಚಲ್ಲಿ ಹೇಳಿದ್ರು, ಪೈಪು ಹೂತ್ರೆ ಬೇಡ ಅನ್ನಲ್ಲ, ಹಣ್ಣು ಇಡದಿದ್ರೆ ಹಕ್ಕಿಗೆ ಹಾಕಬಹುದು ಅಂತ. ನಾಳೆನೇ ಧರೆ ಬುಡದಲ್ಲಿ ಕಾಲುವೆ ತೋಡ್ತೀವಿ. ಹಾಳೆ ನಮ್ಮ ಬೇಲಿ ಒಳಗೇ ಇರುತ್ತೆ, ನಿಮ್ಮ ಬಾಗಿಲಿಗೆ ಕಾಣೋ ಹಾಗೆ."

ಹೆಂಡತಿ ಗಂಡನ ಮುಖ ನೋಡಿದರು. "ಹೌದಾ? ಹಂಗಂದ್ರಾ ನೀವು?"

"ಅಂದೆ. ಇನ್ನೊಂದೂ ಅಂದಿದ್ದೆ. ಅದು ಎಲ್ಲಿ?" ಎಂದರು ಗೌಡರು.

"ಎರಡು ಕೊಟ್ಟೆ ಗೌಡ್ರೆ. ಮೂರನೇ ರೇಟು ಕಟ್ಟೋದಿಲ್ಲ."

"ಮಾತು ಅಷ್ಟು ದುಬಾರಿಯಾ ನಿಂಗೆ?"

"ಹೌದು."

"ಸಾಕು ಬಿಡಿ ಮಾರಾಯ್ರೆ, ಹಬ್ಬದ ದಿನ!" ಎಂದರು ಹೆಂಡತಿ.

ಗೌಡರು ಧರೆಯ ಕಡೆ ಕೈ ಮಾಡಿದರು. "ಗದ್ದೇಲಿ ನಿಂತು ಆಡಿದ ಮಾತು, ತಪ್ಪಲ್ಲ ನಾನು. ನೀರು ತಗೊ. ಆದ್ರೆ ನಿಂಗೆ ಬೇಡದ ಮಾತು ನಂಗೂ ಬೇಡ," ಎಂದು ಒಳಗೆ ಹೋದರು. ಪಾಯಸದ ತಂಬಿಗೆಯೂ ಒಳಗೆ ಹೋಗಿ, ಖಾಲಿಯಾಗಿ, ತೊಳೆದು ಬಂತು.

ಪೈಪು ಹೂತಾಯಿತು. ನಾವಿಬ್ಬರೇ ತೋಡಿದೆವು. ಗೌಡರು ಬಂದು ನಿಂತು, "ಇನ್ನೂ ಒಂದು ಗೇಣು ಆಳ ಬೇಕು," ಎಂದು ನಮ್ಮನೆಯವರಿಗೆ ಹೇಳಿದರು. ಗುದ್ದಲಿ ನನ್ನ ಕೈಯಲ್ಲಿತ್ತು. ಅಂದಿನಿಂದ ಇಂದಿನವರೆಗೆ ನನ್ನ ಜೊತೆ ಮಾತಿಲ್ಲ. ಹೇಳುವುದೇನಾದರೂ ಇದ್ದರೆ ತಮ್ಮ ನಾಯಿಗೆ ಹೇಳುತ್ತಾರೆ. "ಪಕ್ಕದ ಮನೆ ತೊಟ್ಟಿ ತುಂಬಿ ಹರೀತಿದೆ, ಯಾರಿಗೂ ಕಣ್ಣಿಲ್ಲ ಕಣೋ," ಎಂದು. ನಾನು ಹೋಗಿ ನಲ್ಲಿ ನಿಲ್ಲಿಸುತ್ತೇನೆ. ನಾಯಿಗೆ ಉತ್ತರ ಹೇಳುವ ಮಟ್ಟಕ್ಕೆ ನಾನು ಇಳಿದಿಲ್ಲ.

ಕುಯ್ಲು ಮುಗಿದ ಮೇಲೆ ಗೌಡರ ಹೆಂಡತಿ ಬೇಲಿಯ ಮೇಲೆ ಒಂದು ಕಟ್ಟು ತೆನೆ ಇಟ್ಟು, "ಹಕ್ಕಲು ಆಯ್ದದ್ದು, ಹಾಳಾಗದು ಬೇಡ," ಎಂದು ಹೋದರು. ಗದ್ದೆಯಲ್ಲಿ ಉದುರಿ ಉಳಿದ ತೆನೆ ಆಯುವುದಕ್ಕೆ ಹಕ್ಕಲು ಎನ್ನುತ್ತಾರೆ. ಅದನ್ನು ಜಡೆ ಹೆಣೆದ ಹಾಗೆ ಹೆಣೆದು ತುದಿ ಕೆಳಗಾಗಿ ಕಟ್ಟಿದರೆ ಹಾಳೆಯೂ ಬೇಡ, ಚಿಪ್ಪೂ ಬೇಡ, ರಾಟವಾಳ, ಗುಬ್ಬಿ ತಲೆಕೆಳಗಾಗಿ ಜೋತುಬಿದ್ದು ತಿನ್ನುತ್ತವೆ. ಎರಡು ಜಡೆ ಹೆಣೆದೆ. ಒಂದನ್ನು ಬೇಲಿಯ ಮೇಲೆ ವಾಪಸು ಇಟ್ಟೆ. ಬಂದದ್ದಕ್ಕೆ ಹೋದದ್ದು, ಲೆಕ್ಕ ಚುಕ್ತಾ. ಅದು ಈಗ ಗೌಡರ ಹಿಂದಿನ ಸೂರಿನಲ್ಲಿ ತೂಗುತ್ತಿದೆ. ನನ್ನ ಅಂಗಳಕ್ಕಿಂತ ಅಲ್ಲಿಗೇ ಹೆಚ್ಚು ಹಕ್ಕಿ ಹೋಗುತ್ತವೆ, ಕೃತಜ್ಞತೆ ಇಲ್ಲದ ಜಾತಿ. ಅವರ ಮೆಣಸಿನ ಟಾರ್ಪಾಲಿನ ಮೇಲೆ ಹಿಕ್ಕೆಯೂ ಹಾಕುತ್ತವೆ. ಅದರಲ್ಲಿ ನನಗೆ ಬೇಸರವೇನಿಲ್ಲ.

ಇನ್ನು ನಿಮ್ಮ ವಿಷಯ. ನೀವು ಕಟ್ಟುವುದಾದರೆ ಅಂಗಡಿಯ ಡಬ್ಬ ಬೇಡ, ಹಾಳೆ ಸಾಕು. ಆದರೆ ಕಟ್ಟುವ ಮೊದಲು ಗೂಟ ಯಾರ ಜಾಗದಲ್ಲಿದೆ, ಅದರ ಮೇಲೆ ಏನು ಹಾದುಹೋಗಿದೆ ನೋಡಿಕೊಳ್ಳಿ. ನೀರಿನ ಪೈಪು, ಕರೆಂಟಿನ ತಂತಿ, ಬಟ್ಟೆಯ ಹಗ್ಗ ಯಾವುದಕ್ಕೂ ಕಟ್ಟಬೇಡಿ. ಮಂಗ ಇರುವ ಕಡೆ ಬೇಸಿಗೆಯಲ್ಲಿ ಹಣ್ಣು ಇಡಲೇಬೇಡಿ, ಕುಟ್ರುಹಕ್ಕಿಗೆ ಕಾಡಿನಲ್ಲಿ ಆಲದ ಹಣ್ಣು ಇದೆ. ನಿಮ್ಮ ಊಟದ ಉಪ್ಪು ಖಾರದ ಅನ್ನ ಹಾಕಬೇಡಿ, ನುಚ್ಚಕ್ಕಿ, ಭತ್ತ, ರಾಗಿ ಹಾಕಿ. ಒಂದು ಹೊತ್ತಿಗೆ ಖಾಲಿಯಾಗುವಷ್ಟೇ ಹಾಕಿ, ರಾಶಿ ಸುರಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಪಕ್ಕದಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟು, ನಡುವೆ ಹಕ್ಕಿ ಕೂರಲು ಒಂದು ಕಲ್ಲಿಡಿ, ನೀರನ್ನು ದಿನಾ ಚೆಲ್ಲಿ ಬದಲಿಸಿ. ಮಳೆ ಹಿಡಿದರೆ ಎಲ್ಲ ಬಿಚ್ಚಿಬಿಡಿ. ಬೇಸಿಗೆಯಲ್ಲೂ ಸಂಜೆ ಬೆಳಕಿರುವಾಗಲೇ ಹಾಳೆ ಇಳಿಸಿ, ಉಳಿದ ಕಾಳು ಕೊಡವಿ, ಒಲೆಯ ಮೇಲಿನ ಅಟ್ಟದಲ್ಲಿ ಮಗುಚಿ ಇಡಿ. ಬೆಳಿಗ್ಗೆ ಮತ್ತೆ ಕಟ್ಟುವಾಗ ಬೆರಳಲ್ಲಿ ತಟ್ಟಿ ನೋಡಿ. ಟಣ್ ಎಂದರೆ ಒಣಗಿದೆ, ಕಟ್ಟಬಹುದು. ಮೆತ್ತಗೆ ಶಬ್ದ ಬಂದರೆ ಒಲೆಗೆ ಹಾಕಿ ಹೊಸದು ಮಡಚಿ.